ಎದುರಾಳಿ ಗೊಣಗಿದ್ದು

ಚೆಸ್ ಪಟದ ಮೂಲೆಯ ಆನೆಯನ್ನು ವಜೀರನಿಂದ ಹೊಡೆದು ಉಮಾಶ್ರೀ ಗಡಿಯಾರದ ಗುಂಡಿ ಒತ್ತಿದಳು. ಎದುರಿಗೆ ಕೂತಿದ್ದ ಮುದುಕ, ಆಟ ಶುರುವಾದಾಗಿನಿಂದ ಬಾಯೊಳಗೆ ಏನಾದರೊಂದು ಅನ್ನುತ್ತಲೇ ಇದ್ದವನು, ಥಟ್ಟನೆ ಸುಮ್ಮನಾದ. ಅವಳಿಗೆ ಹೆದರಿಕೆ ಹುಟ್ಟಿದ್ದು ಆಗ.

ಒಂದು ನಿಮಿಷವಾಯಿತು, ಮೂರಾಯಿತು, ಒಂಬತ್ತಾಯಿತು. ಮುದುಕ ಹಣೆಗೆ ಬೆರಳಿಟ್ಟುಕೊಂಡು ಕೂತೇ ಇದ್ದ. ಆಮೇಲೆ ಅವನ ಕುದುರೆ ನೆಗೆದು ಅವಳ ರಾಜನ ಮಗ್ಗುಲಿಗೆ ಬಂದು ನಿಂತಿತು. ಕುದುರೆಯ ಬೆನ್ನಿಗೆ ಅವನ ವಜೀರ. ಅವಳ ವಜೀರ ಮಾತ್ರ ಪಟದ ಇನ್ನೊಂದು ತುದಿಯಲ್ಲಿ, ಈಗಷ್ಟೇ ಹೊಡೆದ ಆನೆಯ ಮನೆಯಲ್ಲಿ, ಮದುವೆ ಮುಗಿದ ಮೇಲೆ ಬಂದ ನೆಂಟನ ಹಾಗೆ ನಿಂತಿತ್ತು. ಉಮಾಶ್ರೀ ಮೂರು ಸಲ ಎಣಿಸಿ ನೋಡಿದಳು. ಮೂರು ಸಲವೂ ಎರಡೇ ನಡೆಗೆ ರಾಜ ಸಾಯುತ್ತಿದ್ದ. ಸೋಲೊಪ್ಪಿ ಕೈ ಚಾಚಿದಳು. ಮುದುಕ ಎರಡೂ ಕೈಯಲ್ಲಿ ಹಿಡಿದು ಕುಲುಕಿದ. ಫಲಿತಾಂಶದ ಚೀಟಿಯ ಮೇಲೆ ಸಹಿ ಹಾಕುವಾಗ ಅವಳ ಹೆಸರಿನ ಕೊನೆಯ ಅಕ್ಷರ ಗೆರೆ ದಾಟಿ ಹೋಯಿತು.

ಸಂಭಾಜಿನಗರದ ಆ ಮಂಗಲ ಕಾರ್ಯಾಲಯದಲ್ಲಿ ಮೂರು ದಿನದ ಪಂದ್ಯಾವಳಿ, ಎಂಟು ಸುತ್ತು. ಇದು ಮೊದಲನೆಯದು. ಹೊರಗೋಡೆಗೆ ಅಂಟಿಸಿದ್ದ ಪಟ್ಟಿಯಲ್ಲಿ ಮುದುಕನ ಹೆಸರು ಚಂದ್ರಾಮಪ್ಪ ಎಂದಿತ್ತು, ಮುಂದೆ ಅವನ ರೇಟಿಂಗ್ 1421. ಅವಳದು 1508. ಕಡಿಮೆಯವನಿಗೆ ಸೋತದ್ದಕ್ಕೆ ಹೋಗುವುದು ಹನ್ನೆರಡು ಅಂಕ. ಅಲ್ಲಿಗೆ ಅವಳು 1496.

ಬೇರೆಯವರಿಗಾದರೆ ಹನ್ನೆರಡು ಅಂಕ ಒಂದು ಭಾನುವಾರದ ಬೇಸರ. ಉಮಾಶ್ರೀ ಒಂಬತ್ತನೇ ಇಯತ್ತೆಗೆ ಶಾಲೆ ಬಿಟ್ಟವಳು. ಅಜ್ಜಿ ರುಕ್ಮಿಣಿಬಾಯಿ ಬಿದ್ದು ಸೊಂಟ ಮುರಿದುಕೊಂಡಾಗ ಮನೆಯಲ್ಲಿ ಒಬ್ಬರು ಇರಬೇಕಾಯಿತು. ಅಪ್ಪ ಅಮ್ಮ ಇಬ್ಬರೂ ನಾಶಿಕದ ಅಂಬಡ್ ಕಡೆ ಕಾರ್ಖಾನೆಗೆ ಹೋಗುವವರು, ಉಳಿದವಳು ಇವಳೇ. ಎರಡು ವರ್ಷ ಅಜ್ಜಿಯ ಮಂಚದ ಪಕ್ಕ ಕೂತು ಫೋನಿನಲ್ಲಿ ಚೆಸ್ ಕಲಿತಳು. ಅಜ್ಜಿ ಹೋದಳು, ಶಾಲೆಯೂ ಹೋಗಿತ್ತು, ಚೆಸ್ ಉಳಿಯಿತು. ಈಗ ನಾಶಿಕದಲ್ಲೇ ಗಂಗಾಪುರ ರಸ್ತೆಯ ಚೆಸ್ ಕ್ಲಾಸಿನಲ್ಲಿ ಅವಳು ಕೋಚ್. ಬಾಗಿಲ ಮೇಲಿನ ಬ್ಯಾನರಿನಲ್ಲಿ, ಇಲ್ಲಿಯ ಎಲ್ಲ ಕೋಚ್‌ಗಳೂ 1500ಕ್ಕಿಂತ ಮೇಲಿನವರು ಎಂದು ದೊಡ್ಡದಾಗಿ ಬರೆದಿದೆ. ಕ್ಲಾಸು ನಡೆಸುವ ಉತ್ಕರ್ಷ ಸರ್ ಮೊದಲ ದಿನವೇ ಹೇಳಿದ್ದರು, "ಮಾರ್ಕ್ಸ್ ಕಾರ್ಡು ಕೇಳಲ್ಲ. ಆ ನಂಬರು ಉಳಿಸಿಕೋ, ಸಾಕು." ಅವಳ ಹೆಸರಿನ ಪಕ್ಕದಲ್ಲಿ ನಾಲ್ಕು ಮಂದಿ ಒಪ್ಪುವಂಥದ್ದು ಅಂತ ಇದ್ದದ್ದು ಆ ಒಂದು ಸಂಖ್ಯೆ.

ಇನ್ನೂ ಏಳು ಸುತ್ತಿತ್ತು ನಿಜ. ಆದರೆ ಸೋತವರ ಸಾಲಿಗೆ ಬಿದ್ದರೆ ಎದುರಿಗೆ ಸಿಗುವವರೂ ತನಗಿಂತ ಕಡಿಮೆಯವರೇ. ಗೆದ್ದರೆ ಬರುವುದು ಏಳೋ ಎಂಟೋ, ಸೋತರೆ ಹೋಗುವುದು ಮತ್ತೆ ಹನ್ನೆರಡು, ಹದಿಮೂರು. ಊಟದ ಹಾಲ್‌ನ ಹಿಂದೆ, ಬೀಗರು ಕೈತೊಳೆಯುವ ನಲ್ಲಿಗಳ ಸಾಲಿನಲ್ಲಿ ನಿಂತು ಅವಳು ಲೆಕ್ಕ ಹಾಕಿದಳು. ಮುಖ ತೊಳೆದು ಮತ್ತೆ ಹಾಕಿದಳು. ನೀರು ಕುತ್ತಿಗೆಯಿಂದ ಕುರ್ತಾದೊಳಗೆ ಇಳಿಯುತ್ತಿತ್ತು.

ಸೋಲಿಗಿಂತ ಹೆಚ್ಚಾಗಿ ಒಳಗೆ ಕೊರೆಯುತ್ತಿದ್ದದ್ದು ಬೇರೆ. ಯಾಕೆ ಸೋತೆ ಅಂತ ಯಾರಾದರೂ ಕೇಳಿದರೆ ಹೇಳುವಂತಿರಲಿಲ್ಲ.

ಮುದುಕ ಗೊಣಗುತ್ತಿದ್ದದ್ದು ಕನ್ನಡದಲ್ಲಿ. ಅದೂ ಭಾಲ್ಕಿ, ಹುಮನಾಬಾದ ಕಡೆಯ ಕನ್ನಡ, ಅವಳ ಅಜ್ಜಿಯದೇ. ಪಟ್ಟಿಯಲ್ಲಿ ಅವಳ ಹೆಸರು ಉಮಾಶ್ರೀ ಪಾಟೀಲ ಎಂದಿತ್ತು. ಪಾಟೀಲರು ಮಹಾರಾಷ್ಟ್ರದ ತುಂಬ ಇದ್ದಾರೆ. ಮುದುಕ ಇವಳನ್ನು ಮರಾಠಿಯವಳು ಅಂದುಕೊಂಡು ನಿಶ್ಚಿಂತೆಯಿಂದ ಬಾಯಿ ಬಿಟ್ಟುಕೊಂಡಿದ್ದ. "ಈ ಹುಡಿಗಿ ಹೆದರ್ಯಾಳ," ಅಂದ ಮೂರನೇ ನಡೆಗೆ. "ಒಂಟಿ ಇಲ್ಲಿ ಬಂದ್ರ ನನ್ನ ಪ್ಯಾದಿ ಗತಿ ಏನು?" ಅಂದ ಹತ್ತನೆಯದಕ್ಕೆ. ಅವಳು ಒಂಟೆಯನ್ನು ಅಲ್ಲಿಗೇ ತಂದಳು. ಪ್ಯಾದೆ ಬಿತ್ತು. ಆಮೇಲೆ ಅವಳು ಪಟವನ್ನು ನೋಡುವುದನ್ನು ಕಡಿಮೆ ಮಾಡಿದಳು, ಮುದುಕನ ತುಟಿಗೆ ಕಿವಿ ಕೊಟ್ಟಳು. ಮನೆಗೆ ಯಾರು ಬಂದರೂ ಬಾಗಿಲ ಹಿಂದೆ ನಿಂತು ಕೇಳಿಸಿಕೊಂಡು ಬೆಳೆದವಳಿಗೆ ಅದು ಕಷ್ಟದ ಕೆಲಸವಾಗಿರಲಿಲ್ಲ. ಕೊನೆಗೆ ಮುದುಕ, "ಆನಿ ಹೋತಲ್ಲೋ ಚಂದ್ರಾಮ, ಸುಮ್ಮ ಸುಮ್ಮನ ಕಳಕೊಂಡಿ," ಎಂದು ಹಣೆ ಚಚ್ಚಿಕೊಂಡ. ನಾಟಕವಲ್ಲ, ಅವನು ನಿಜವಾಗಿಯೂ ಹೋಯಿತೆಂದೇ ತಿಳಿದಿದ್ದ. ಅವಳು ಅವನ ಮಾತು ನಂಬಿ ಆನೆ ಹೊಡೆದಳು. ಕುದುರೆಯ ದಾರಿಯನ್ನು ಇಬ್ಬರೂ ನೋಡಿರಲಿಲ್ಲ. ಮೊದಲು ನೋಡಿದವನು ಮುದುಕ.

ಚೀಲದಿಂದ ಫೋನು ತೆಗೆದಾಗ ಏಳು ಮಿಸ್ಡ್ ಕಾಲ್. ಏಳೂ ಉತ್ಕರ್ಷ ಸರ್‌ದು. ಎಂಟನೆಯದು ಫೋನು ಕೈಯಲ್ಲಿರುವಾಗಲೇ ಬಂತು. ಸರ್ ಎಂದಿನ ಮರಾಠಿಯಲ್ಲಿ ಶುರುಮಾಡಿದರು.

"ಅಗ ಉಮಾ, ಏನಿದು? ವೆಬ್‌ಸೈಟಲ್ಲಿ ನೋಡ್ತಿದ್ದೀನಿ. ಹದಿನಾಲ್ಕು ನೂರರವನ ಕೈಲಿ?"

"ಹೂಂ ಸರ್."

"ಪೇರೆಂಟ್ಸ್ ಗ್ರೂಪಲ್ಲಿ ಆಗಲೇ ಬಂದಿದೆ. ಒಬ್ಬರು ನಗೋ ಚಿತ್ರ ಹಾಕಿದ್ದಾರೆ."

ಅವಳು ಫೋನನ್ನು ಇನ್ನೊಂದು ಕಿವಿಗೆ ಬದಲಾಯಿಸಿದಳು.

"ಕೇಳು. ನಮ್ಮ ಕ್ಲಾಸಿನ ಹುಡುಗಿಯ ತಂದೆ ಅಲ್ಲೇ ಇದ್ದಾರೆ. ಆ ಅಜ್ಜ ಇಡೀ ಹೊತ್ತು ಏನೋ ಮದ್ರಾಸಿ ಮಾತಾಡ್ತಿದ್ದನಂತೆ. ಹೌದಾ?"

"ಮಾತಾಡ್ತಿದ್ದರು ಸರ್."

"ಮತ್ತೆ? ತಕ್ರಾರು ಕೊಡು. ಪಕ್ಕದ ಟೇಬಲಿನವರೂ ಹೇಳಿದ್ದಾರಂತೆ. ಹಿಂದಿನ ಟೂರ್ನಮೆಂಟಲ್ಲೂ ಅವನಿಗೆ ವಾರ್ನಿಂಗ್ ಆಗಿದೆ. ಈ ಸಲ ನೀನು ಬರೆದುಕೊಟ್ಟರೆ ಪಾಯಿಂಟ್ ನಿನಗೇ ಬರಬಹುದು. ಎರಡು ಸಾಲು ಸಾಕು. ನಿನಗೆ ಬರೆಯೋಕೆ ಬರಲ್ಲ, ನಾನು ವಾಟ್ಸಾಪ್ ಮಾಡ್ತೀನಿ, ನೋಡಿಕೊಂಡು ಬರಿ. ಮುಂದಿನ ಒಂದನೇ ತಾರೀಖಿನ ರೇಟಿಂಗ್ ಪಟ್ಟಿಯಲ್ಲಿ ಹದಿನೈದು ನೂರರ ಕೆಳಗೆ ನಿನ್ನ ಹೆಸರಿದ್ದರೆ ನಾನೇನು ಮಾಡಲಿ ಹೇಳು. ನಿನ್ನ ಶನಿವಾರದ ಬ್ಯಾಚು ಬೇಕು ಅಂತ ನಿಶ್ಮಿತಾ ಕೇಳ್ತಾನೇ ಇದ್ದಾಳೆ. ಅವಳ ರೇಟಿಂಗ್ ಹದಿನಾರು ನೂರ ನಲವತ್ತು, ಮೇಲೆ ಡಿಗ್ರಿ."

ಮೆಸೇಜು ಬಂತು, ಇಂಗ್ಲಿಷಿನಲ್ಲಿ. ಉಮಾಶ್ರೀ ಕಚೇರಿಯ ಮೇಜಿನಿಂದ ಒಂದು ಹಾಳೆ ಇಸಿದುಕೊಂಡು, ಕಿಟಕಿಯ ಕಟ್ಟೆಯ ಮೇಲಿಟ್ಟು ಅಕ್ಷರ ನೋಡಿ ನೋಡಿ ಬರೆದಳು. ಇಂಗ್ಲಿಷ್ ಬರೆಯುವುದು ಅವಳಿಗೆ ಬರುತ್ತಿತ್ತು. ಅರ್ಥ ಹಿಂದಿನಿಂದ ಬರುತ್ತಿತ್ತು, ಬರೆದಾದ ಮೇಲೆ, ಒಂದೊಂದೇ ಪದವಾಗಿ. ಎದುರಾಳಿ ಆಟದುದ್ದಕ್ಕೂ ಮಾತಾಡುತ್ತಿದ್ದರು. ಸರಿ. ಅದರಿಂದ ನನ್ನ ಗಮನ ಕೆಟ್ಟಿತು. ಅದೂ ಸರಿಯೇ ಇರಬಹುದು. ಅವರು ಮಾತಾಡಿದ್ದು ನನಗೆ ತಿಳಿಯದ ಭಾಷೆ.

ಆ ಸಾಲು ಬರೆದಾಗಿತ್ತು. ಕೆಳಗೆ ಸಹಿಯ ಜಾಗ ಖಾಲಿ ಇತ್ತು. ಉಮಾಶ್ರೀ ಪೆನ್ನಿನ ಮುಚ್ಚಳ ಹಾಕಿದಳು, ತೆಗೆದಳು, ಮತ್ತೆ ಹಾಕಿದಳು. ಒಂದು ಸಹಿ. ಅದಾದರೆ ಶನಿವಾರದ ಬ್ಯಾಚು ಉಳಿಯುತ್ತದೆ, ಗ್ರೂಪಿನಲ್ಲಿ ನಕ್ಕವರು ಸುಮ್ಮನಾಗುತ್ತಾರೆ. ಮುದುಕನಿಗೆ ಏನಾಗುತ್ತದೆ ಎಂದು ಅವಳಿಗೆ ಸರಿಯಾಗಿ ಗೊತ್ತಿರಲಿಲ್ಲ.

"ಪಾಟೀಲ, ಬರೆದಿರಾ?" ತೀರ್ಪುಗಾರರಾದ ಆರ್ಬಿಟರ್ ಮೇಡಂ ಮೇಜಿನಿಂದಲೇ ಮರಾಠಿಯಲ್ಲಿ ಕೂಗಿದರು. "ಎರಡನೇ ಸುತ್ತಿಗೆ ಕಾಲು ಗಂಟೆ ಇದೆ."

ಮೇಜಿನ ಮುಂದೆ ಚಂದ್ರಾಮಪ್ಪ ಆಗಲೇ ನಿಂತಿದ್ದ, ಟೋಪಿ ಕೈಯಲ್ಲಿ. ಆಟದಲ್ಲಿ ಕೂತಾಗ ದೊಡ್ಡವನಂತೆ ಕಂಡವನು ನಿಂತಾಗ ಅವಳ ಭುಜಕ್ಕೆ ಬರುತ್ತಿದ್ದ. "ಮೇಡಂ, ಚಾಳಿ ಅದು," ಎಂದು ಮುರುಕು ಮರಾಠಿಯಲ್ಲಿ ಬೇಡಿಕೊಳ್ಳುತ್ತಿದ್ದ. "ಕಂಪನೀಲಿ ಮೂವತ್ತು ವರ್ಷ ಮಷೀನ್ ಮುಂದೆ ಒಬ್ಬನೇ ನಿಂತವ. ಯಾರ ಜೊತೆ ಮಾತಾಡಲಿ? ನನ್ನ ಜೊತೆ ನಾನೇ ಮಾತಾಡ್ತೀನಿ. ಬೇಕಂತ ಅಲ್ಲ."

"ಅದನ್ನ ನಿಮ್ಮ ಎದುರಾಳಿ ಹೇಳಬೇಕು," ಅಂದರು ಮೇಡಂ. "ತೊಂದರೆ ಆಯ್ತು ಅಂದರೆ ನಾನು ಮುಖ್ಯ ಆರ್ಬಿಟರಿಗೆ ಕೊಡ್ತೀನಿ. ಹಿಂದಿನ ಸಲದ್ದೂ ಇದೆಯಲ್ಲ, ಈ ಸಲ ಬಿಡೋದಿಲ್ಲ."

ಮುದುಕ ಉಮಾಶ್ರೀಯ ಕೈಯ ಹಾಳೆ ನೋಡಿದ. ಬಾಯೊಳಗೇ ಅಂದ, "ಮುಗೀತು ಚಂದ್ರಾಮ. ನಡಿ ಇನ್ನ ಮನಿಗಿ. ಈ ಕೂಸಿಂದ ಏನ್ ತಪ್ಪು."

ಅವಳಿಗೆ ಕಿವಿ ಬಿಸಿಯಾಯಿತು. ಹೊರಗಿನ ಜನದೆದುರು ಅವಳು ಕನ್ನಡ ಮಾತಾಡಿ ಎಷ್ಟೋ ವರ್ಷವಾಗಿತ್ತು. ಮನೆಯಲ್ಲೂ ಅಜ್ಜಿ ಹೋದ ಮೇಲೆ ಅರ್ಧ ಮರಾಠಿಯೇ.

"ಕಾಕಾ, ನನಗ ತಿಳೀತದ್ರಿ," ಅಂದಳು.

ಮುದುಕ ಅವಳನ್ನೇ ನೋಡಿದ.

"ಮುಂಜಾನಿಂದ ಎಲ್ಲಾ ತಿಳೀತಿತ್ರಿ."

"ಎಲ್ಲಾ?"

"ಹೂಂರಿ."

"ಹೆದರ್ಯಾಳ ಅಂದದ್ದು?"

"ಅದೂ ಕೇಳಿಸ್ತುರಿ."

"ಯವ್ವಾ," ಅಂದ ಮುದುಕ, ಟೋಪಿ ತಲೆಗೆ ಹಾಕಿ ಮತ್ತೆ ತೆಗೆದ. "ಆನಿ ಹೋತು ಅಂದದ್ದು?"

"ಅದನ್ನ ಕೇಳೇ ತಗೊಂಡೆರಿ. ನಾ ನೋಡಿರಲಿಲ್ಲ. ನೀವು ಹೋತು ಅಂದ್ರಿ, ಹೋಗಿರಬೇಕು ಅನ್ಕೊಂಡೆ. ನಿಮ್ಮದು ತಪ್ಪಿಲ್ರಿ. ಕದ್ದು ಕೇಳಿದಾಕಿ ನಾನು."

ಚಂದ್ರಾಮಪ್ಪನ ಹೊಟ್ಟೆ ನಗುವಿಗೆ ಕುಲುಕತೊಡಗಿತು. "ನನ್ನ ಮಾತು ನಾನೇ ಕೇಳಂಗಿಲ್ಲ ತಂಗಿ. ನಮ್ಮ ಮನಿಯಾಕಿ ಅಂತೂ ಕೇಳೇ ಇಲ್ಲ. ನೀ ಯಾಕ ಕೇಳಲಿಕ್ಕೆ ಹೋದಿ?"

"ಏನು ನಡೀತಿದೆ ಇಲ್ಲಿ?" ಅಂದರು ಮೇಡಂ. "ಕಾಗದ ಕೊಡ್ತೀರೋ ಇಲ್ಲವೋ?"

ಉಮಾಶ್ರೀ ಹಾಳೆಯನ್ನು ನಾಲ್ಕು ಮಡಿಕೆ ಮಾಡಿದಳು. "ತಕ್ರಾರಿಲ್ಲ ಮೇಡಂ," ಅಂದಳು ಮರಾಠಿಯಲ್ಲಿ. ದನಿ ಸಣ್ಣಗೆ ಬಂತು, ಮೇಡಂ ಇನ್ನೊಮ್ಮೆ ಕೇಳಿದರು, ಇನ್ನೊಮ್ಮೆ ಹೇಳಬೇಕಾಯಿತು.

ಮುದುಕನಿಗೆ ಬೈಗುಳವಂತೂ ತಪ್ಪಲಿಲ್ಲ; ಇನ್ನೊಂದು ಸಲ ಬಾಯಿ ಬಿಟ್ಟರೆ ಪಂದ್ಯಾವಳಿಯಿಂದಲೇ ಹೊರಗೆ ಎಂದು ಮೇಡಂ ಬರೆಸಿಕೊಂಡರು.

ಸರ್‌ದು ಫೋನು ಬರುವುದಕ್ಕೆ ಮೊದಲು ತಾನೇ ಮಾಡಬೇಕು ಅನ್ನಿಸಿತು ಅವಳಿಗೆ. ತಡವಾದರೆ ಧೈರ್ಯ ಉಳಿಯುವುದಿಲ್ಲ. ನಲ್ಲಿಗಳ ಹತ್ತಿರ ಹೋಗಿ ಗೋಡೆಗೆ ಮುಖ ಮಾಡಿ ನಿಂತಳು.

"ಸರ್, ಕೊಡಲಿಲ್ಲ."

"ಏನು?"

"ತಕ್ರಾರು. ಅವರು ಮಾತಾಡಿದ್ದು ಕನ್ನಡ ಸರ್. ನಮ್ಮ ಮನೆಯ ಮಾತು. ನನಗೆ ಪೂರ್ತಿ ತಿಳೀತಿತ್ತು. ಕೇಳಿಕೊಂಡೇ ಆಡಿದೆ."

"ನೀನು ಪಾಟೀಲ ಅಲ್ವಾ?"

"ಹೌದು ಸರ್. ಕರ್ನಾಟಕದಲ್ಲೂ ಪಾಟೀಲರಿದ್ದಾರೆ."

ಆ ಕಡೆ ಮಕ್ಕಳ ಗದ್ದಲ, ಯಾರೋ ಗಡಿಯಾರದ ಗುಂಡಿ ಒತ್ತಿದ ಸದ್ದು. ಕ್ಲಾಸು ನಡೆದಿತ್ತು. ಉತ್ಕರ್ಷ ಸರ್ ಸಿಟ್ಟಿನಿಂದೇನೂ ಹೇಳಲಿಲ್ಲ, ಅದಕ್ಕೇ ಅವಳಿಗೆ ಇನ್ನೂ ಹೆದರಿಕೆಯಾಯಿತು. "ನೋಡು ಉಮಾ. ನಾನು ಬ್ಯಾನರ್ ಬದಲಾಯಿಸೋಕೆ ಆಗಲ್ಲ. ಪಟ್ಟಿಯಲ್ಲಿ ಕೆಳಗೆ ಬಂದರೆ ಶನಿವಾರದ ದೊಡ್ಡ ಮಕ್ಕಳ ಬ್ಯಾಚು ನಿಶ್ಮಿತಾಗೆ. ಹೊಸದಾಗಿ ಕಲಿಯೋ ಚಿಕ್ಕವರಿಗೆ ಬೇಕಾದರೆ ನೀನು ಹೇಳಿಕೊಡು, ಅಲ್ಲಿ ಕೋಚ್ ಅಂತ ಹೆಸರು ಹಾಕಲ್ಲ."

"ಇನ್ನೂ ಏಳು ಸುತ್ತಿದೆ ಸರ್."

ಅವರು ತೀರ್ಮಾನ ಹೇಳಿದ ಮೇಲೆ ಹೂಂ ಅನ್ನುವುದು ಬಿಟ್ಟು ಬೇರೆ ಉತ್ತರ ಅವಳು ಕೊಟ್ಟದ್ದು ಅದೇ ಮೊದಲಿರಬೇಕು. "ಆಡು ಹಾಗಾದರೆ," ಎಂದು ಫೋನಿಟ್ಟರು.

ಎರಡನೇ ಸುತ್ತಿಗೆ ಅವಳ ಟೇಬಲ್ಲು ನಲವತ್ತಾರು, ಹಾಲ್‌ನ ಕೊನೆಯ ಸಾಲು. ಎದುರಾಳಿ ಕಾಲೇಜು ಹುಡುಗಿ. ರೇಟಿಂಗು ನೋಡಬಾರದು ಅಂದುಕೊಂಡೇ ಪಟ್ಟಿಯ ಮುಂದೆ ನಿಂತಿದ್ದಳು, ನೋಡದೆ ಇರಲಾಗಲಿಲ್ಲ. 1433. ಗೆದ್ದರೆ ಎಂಟು, ಸೋತರೆ ಹನ್ನೆರಡು.

ಈ ಹುಡುಗಿ ತುಟಿ ಬಿಚ್ಚುವವಳಲ್ಲ. ಮುಖದಲ್ಲೂ ಏನೂ ಕಾಣಿಸುತ್ತಿರಲಿಲ್ಲ. ಹದಿಮೂರನೇ ನಡೆಗೆ ಹುಡುಗಿಯ ಒಂದು ಪ್ಯಾದೆ ಪುಕ್ಕಟೆ ಸಿಗುವಂತೆ ನಿಂತಿತು. ಮರೆತು ಬಿಟ್ಟದ್ದೋ, ಬೇಕೆಂದೇ ಇಟ್ಟದ್ದೋ, ತಿಳಿಯಲು ಪಟ ಬಿಟ್ಟರೆ ಬೇರೆ ದಾರಿ ಇರಲಿಲ್ಲ. ಉಮಾಶ್ರೀಯ ಬಲಗೈ ಆಗಲೇ ಅರ್ಧ ಮೇಲೆದ್ದಿತ್ತು. ಅದನ್ನು ಇಳಿಸಿ, ಎರಡೂ ಅಂಗೈಗಳನ್ನು ತೊಡೆಯ ಕೆಳಗೆ ಸೇರಿಸಿಕೊಂಡು ಕೂತಳು. ಗಡಿಯಾರದಲ್ಲಿ ಐವತ್ತೊಂದು ನಿಮಿಷ ಇತ್ತು. ಮೊದಲು ತನ್ನ ರಾಜನ ಸುತ್ತಲಿನ ಮನೆಗಳನ್ನು ಒಂದೊಂದಾಗಿ ನೋಡತೊಡಗಿದಳು.