ಕೊನೆಯ ಬೀದಿಯ ನೀರು

ಅಲ್ಲೂ ಒಂದು ಹಲ್ಲು ಉದುರಿತು — ವ್ಯಾನಿನ ಕಿಟಕಿಯಲ್ಲಿ ಸರಿದುಹೋದ ಖಾಲಿ ಜಾಗವನ್ನು ಕತ್ತು ತಿರುಗಿಸಿ ನೋಡಿದಳು, ಹೋದ ವಾರ ಔಷಧಿ ಅಂಗಡಿ ಇತ್ತು, ಅದರ ಮೇಲೆ ಮನೆ, ಈಗ ಅಷ್ಟಗಲ ಆಕಾಶ, ಪಕ್ಕದ ಗೋಡೆಯ ಮೇಲೆ ಮಾತ್ರ ಯಾರದೋ ಮೆಟ್ಟಿಲುಗಳ ಗುರುತು ಓರೆಯಾಗಿ ಹತ್ತಿ ಎಲ್ಲಿಗೂ ಹೋಗದೆ ನಿಂತಿದೆ, ಜನ ಬಿಟ್ಟು ಹೋಗಿ ಊರು ಸಣ್ಣದಾಗುತ್ತದೆ ಅಂದಾಗ ಒಗೆದ ಸ್ವೆಟರಿನ ಹಾಗೆ ಸುತ್ತಲಿಂದ ಒಂದೇ ಸಮ ಕುಗ್ಗುತ್ತದೆ ಅಂದುಕೊಂಡಿದ್ದಳು, ಹಾಗಲ್ಲ, ಇದು ನುಸಿ ತಿಂದ ಹಾಗೆ, ಇಲ್ಲೊಂದು ತೂತು, ಅಲ್ಲೊಂದು ತೂತು, ಅಂಚು ಇದ್ದಲ್ಲೇ ಇದೆ, ಅಂಚಿನ ಕೊನೆಯ ಬೀದಿಯಲ್ಲಿ ಕ್ಷೌರದ ಅಂಗಡಿ ಇಟ್ಟುಕೊಂಡು ಅಣ್ಣ ಇದ್ದಾನೆ. ಇಲ್ಲ, ಇರಲಾರ, ನಿನ್ನೆ ಫೋನಿನಲ್ಲಿ ಕೇಳಿದ್ದಳಲ್ಲ, ಅಂಗಡಿ ಖಾಲಿ ಮಾಡಿದ್ಯಾ ಅಣ್ಣ, ಹೂಂ ಅಂದಿದ್ದ, ಆದರೆ ಅವನ ಹೂಂ ನಂಬಿ ಕೆಟ್ಟವರೆಷ್ಟು ಜನ, ಅತ್ತಿಗೆ ಪಾತ್ರೆಪಗಡ ಕಟ್ಟಿಕೊಂಡು ಊರ ನಡುವಿನ ಹೊಸ ಫ್ಲಾಟಿಗೆ ಹೋಗಿ ಎಷ್ಟೋ ತಿಂಗಳಾಯಿತು, ಅವಳಿಗೂ ನಾಳೆ ಬರ್ತೀನಿ ಹೂಂ ಅಂತಲೇ ಹೇಳುತ್ತ ಬಂದಿದ್ದಾನೆ. ಕಾಲು ಯಾಕೆ ಹೀಗೆ ಕುಣಿಯುತ್ತಿದೆ, ಡ್ರೈವರ್ ಓರೆಗಣ್ಣಲ್ಲಿ ನೋಡುತ್ತಾನೆ, ಮೇಡಂ, ಬ್ರೇಕು ನನ್ನ ಕಡೆ ಇದೆ, ನೀವು ಎಷ್ಟು ಒತ್ತಿದ್ರೂ ಗಾಡಿ ನಿಲ್ಲಲ್ಲ, ನಕ್ಕಳು, ಕಾಲು ಮಾತ್ರ ನಿಲ್ಲಲಿಲ್ಲ, ಹಿಂದುಗಡೆ ವಾಲ್ವು ತಿರುಗಿಸುವ ಉದ್ದನೆಯ ಕೀಲಿಕೈ ತಿರುವು ಬಂದಾಗಲೆಲ್ಲ ತಗಡಿಗೆ ಬಡಿಯುತ್ತಿದೆ, ಟಣ್, ಅದನ್ನು ಕಟ್ಟಬೇಕಿತ್ತು, ಟಣ್. ಈ ಪೈಪುಗಳನ್ನು ಹೂತವರು ಎಷ್ಟು ಜನ ಬರುತ್ತಾರೆ ಅಂದುಕೊಂಡಿದ್ದರೋ, ಒಬ್ಬ ಮನುಷ್ಯ ತೆವಳಿಕೊಂಡು ಹೋಗಬಹುದು, ಅಷ್ಟು ಅಗಲ, ಕುಡಿಯುವವರಿಲ್ಲದೆ ನೀರು ಅದರೊಳಗೆ ಮಲಗಿಬಿಡುತ್ತದೆ, ಮಲಗಿದ ನೀರು ಹಳದಿಯಾಗುತ್ತದೆ, ಕಬ್ಬಿಣದ ವಾಸನೆ ಬರುತ್ತದೆ, ಅದನ್ನು ಎಬ್ಬಿಸಲೆಂದೇ ಅವಳು ಬೀದಿಬೀದಿಯಲ್ಲಿ ಪೈಪಿನ ಬಾಯಿ ಬಿಚ್ಚಿ ಒಳ್ಳೆಯ ನೀರನ್ನೂ ಚರಂಡಿಗೆ ಬಿಟ್ಟಿದ್ದಾಳೆ, ಬೈಸಿಕೊಂಡಿದ್ದಾಳೆ, ಕಣ್ಣು ಕಾಣಲ್ವೇನಮ್ಮ, ಸುರಿದುಬಿಡು, ನಿಮ್ಮಪ್ಪನ ಮನೆ ನೀರು. ಮುಚ್ಚಲೇಬೇಕು, ನೀರಿನ ಕಚೇರಿಯ ಸಾಹೇಬರು ಹೇಳಿದ್ದು ಸರಿ, ಕೊನೆಯ ಬೀದಿಯ ಪೈಪು ತೆರೆದಿರುವ ತನಕ ಅದರ ಹಿಂದಿನ ಬೀದಿಗೂ ಕೊಳೆನೀರೇ, ಮೊನ್ನೆ ಆ ಬೀದಿಯ ಬಾಣಂತಿ ಬಾಗಿಲಲ್ಲೇ ತಡೆದು ಹಾಲಿನ ಬಾಟಲಿ ಎತ್ತಿ ತೋರಿಸಿದಳು, ಒಳಗೆ ಚಹಾದ ಬಣ್ಣದ ನೀರು, ನೀವಾದ್ರೆ ಇದನ್ನ ಮಗೂಗೆ ಕುಡಿಸ್ತೀರಾ ಹೇಳಿ, ಇಡೀ ಬಡಾವಣೆಗೆ ಈ ವರ್ಷ ಹುಟ್ಟಿದ ಒಂದೇ ಮಗು ಅದು, ಮುಚ್ಚಬೇಕು, ಟಣ್, ಇವತ್ತೇ ಮುಚ್ಚಬೇಕು.

ಕೊನೆಯ ಬೀದಿಯಲ್ಲಿ ವ್ಯಾನು ನಿಂತಿತು, ಡ್ರೈವರ್ ವಾಲ್ವಿನ ಗುಂಡಿಯ ಮುಚ್ಚಳ ಎತ್ತಿಕೊಟ್ಟ, ಅವಳು ಮೊಣಕಾಲೂರಿ ಸದ್ದು ಆಲಿಸುವ ಕಬ್ಬಿಣದ ಸರಳಿನ ಒಂದು ತುದಿಯನ್ನು ವಾಲ್ವಿನ ತಲೆಗೆ ಆನಿಸಿ ಇನ್ನೊಂದಕ್ಕೆ ಕಿವಿ ಕೊಟ್ಟಳು, ಮುಚ್ಚುವ ಮೊದಲು ಕೇಳಿಸಿಕೊಳ್ಳಬೇಕು, ಯಾರೂ ಇಲ್ಲದ ಬೀದಿಯ ಪೈಪು ಸದ್ದಿಲ್ಲದೆ ಬಿದ್ದಿರುತ್ತದೆ, ಇದು ಹರಿಯುತ್ತಿದೆ, ಸಣ್ಣಗೆ, ನಿಂತು, ಮತ್ತೆ ಸಣ್ಣಗೆ, ಸೋರಿಕೆಯಾಗಿದ್ದರೆ ಬಿಡುವಿಲ್ಲದೆ ಹರಿಯುತ್ತದೆ, ಇದು ಯಾರೋ ನಲ್ಲಿ ತಿರುಗಿಸಿ, ನಿಲ್ಲಿಸಿ, ತಿರುಗಿಸುವ ಸದ್ದು, ಕ್ಷೌರದ ಕತ್ತಿ ತೊಳೆಯುವ ಸದ್ದು — ಹೂಂ ಅಂದಿದ್ದ, ಕಳ್ಳ. ಕೀಲಿಕೈ ಹೆಗಲಿಗೇರಿಸಿ ದಡದಡ ನಡೆದಳು, ಬೀಗ, ಬೀಗ, ಹಲಗೆ ಹೊಡೆದ ಕಿಟಕಿ, ಬೇಕರಿಯಿದ್ದ ಜಾಗದಲ್ಲಿ ಹುಲ್ಲು, ಆಮೇಲೆ ತೆರೆದ ಬಾಗಿಲು, ಸೋಪಿನ ವಾಸನೆ, ನಗು. ಬಾ ಪುಟ್ಟಿ, ಕೂತ್ಕೋ, ಅಂದ ಅಣ್ಣ ಕನ್ನಡಿಯಲ್ಲೇ ನೋಡಿ, ತನ್ನ ತಲೆ ನರೆತರೂ ಅವನಿಗೆ ಪುಟ್ಟಿ, ಕುರ್ಚಿಯಲ್ಲಿ ಡ್ರಿಲ್ ಮೇಷ್ಟ್ರು, ಬೆಂಚಿನ ಮೇಲೆ ಬೇಕರಿಯವನು, ಅವನ ಭಾವಮೈದ, ಎಲ್ಲರೂ ಈ ಬೀದಿ ಬಿಟ್ಟು ಹೋದವರೇ, ಇವರೆಲ್ಲ ಇಲ್ಲಿ ಏನ್ ಮಾಡ್ತಿದ್ದಾರೆ ಅಣ್ಣ, ಏನಿಲ್ಲ, ಗಡ್ಡ ಬೆಳೆದಿತ್ತು ತೆಗೆಸ್ತಿದ್ದಾರೆ. ಮೇಷ್ಟ್ರು ಗಲ್ಲ ಅಲ್ಲಾಡಿಸದೆ ಹೇಳಿದರು, ಹೊಸ ಫ್ಲಾಟಲ್ಲಿ ಲಿಫ್ಟ್ ಇದೆಯಮ್ಮ, ಬಿಸಿನೀರಿದೆ, ಪಕ್ಕದ ಮನೇಲಿ ಯಾರಿದ್ದಾರೆ ಅಂತ ಮಾತ್ರ ಗೊತ್ತಿಲ್ಲ, ಬಾಯಿಗೆ ತುಕ್ಕು ಹಿಡೀತು ಅನ್ನಿಸಿದ್ರೆ ಬಸ್ ಹತ್ತಿ ಬಂದುಬಿಡ್ತೀನಿ, ಬೇಕರಿಯವನು ಸೇರಿಸಿದ, ಹೊಸ ಸಲೂನಿನವನು ನನ್ನ ಗಲ್ಲದ ಮಚ್ಚೇನೂ ಕೊಯ್ದುಬಿಟ್ಟ ಕಣಮ್ಮ. ನೀರು ನಿಲ್ಲಿಸೋಕೆ ಬಂದ್ಯಾ, ಅಣ್ಣ ಕೇಳಿದ, ಹೂಂ ಅಂದಳು, ತನ್ನ ಹೂಂ ತನಗೇ ಒರಟಾಗಿ ಕೇಳಿಸಿತು, ಬಾಟಲಿಯ ವಿಷಯ ಹೇಳಿದಳು, ಒಂದೇ ಉಸಿರಿಗೆ, ಅವನು ಜಗಳಕ್ಕೆ ಬರಲಿ, ಬಂದರೆ ಸುಲಭ, ಅವನು ಬರಲಿಲ್ಲ, ಕತ್ತಿ ಒರೆಸಿ ಕೆಳಗಿಟ್ಟ, ಮಗು ಕುಡಿಯೋದು ದೊಡ್ಡದು, ಮುಚ್ಚಲೇಬೇಕು, ಆದ್ರೆ ಇವರ ಮುಖ ಮುಗೀಲಿ ಪುಟ್ಟಿ. ಸರಿ, ಮುಗಿಯಲಿ, ಎಷ್ಟು ಹೊತ್ತು ಮಹಾ — ಅವನು ಬ್ರಷ್ಷು ನೆನೆಸಿ ಮೇಷ್ಟ್ರಿಗೆ ಮತ್ತೊಮ್ಮೆ ನೊರೆ ಹಚ್ಚಿದ, ಬೆಂಚಿಗೆ ಹೋಗಿ ಬೇಕರಿಯವನಿಗೆ ಹಚ್ಚಿದ, ಭಾವಮೈದನಿಗೆ, ಕಿವಿಯಿಂದ ಕಿವಿಗೆ, ನಿಧಾನವಾಗಿ, ಆಮೇಲೆ ಕನ್ನಡಿಯ ಮುಂದೆ ನಿಂತು ತನ್ನ ಗಲ್ಲಕ್ಕೂ ಹಚ್ಚಿಕೊಂಡ, ಬೆಂಚಿನ ತುದಿಗೆ ಹೋಗಿ ತಾನೂ ಸರದಿಗೆ ಕಾಯುವವನ ಹಾಗೆ ಕೂತ. ಅಣ್ಣ, ಇದೇನಾಟ, ಹೊರಗೆ ವ್ಯಾನಿನ ಹಾರ್ನ್ ಆಯಿತು, ನಗಬೇಕಿತ್ತು, ಅವನು ಕೆಳಗಿಟ್ಟ ಕತ್ತಿಗೆ ಬೆನ್ನು ಹಾಕಿ ಕೂತಿರದಿದ್ದರೆ ನಕ್ಕುಬಿಡುತ್ತಿದ್ದಳು.

ಹೊರಗೆ ಬಂದಳು, ಗುಂಡಿಯ ಬಳಿ ಕೂತಳು, ಮುಚ್ಚು, ಮುಚ್ಚಿ ಹೋಗು, ಅವನೇ ಮುಚ್ಚು ಅಂದನಲ್ಲ, ಸರಳಿಗೆ ಕಿವಿ ಕೊಟ್ಟಳು, ಸದ್ದಿಲ್ಲ, ಒಂದು ಹನಿಯ ಸದ್ದೂ ಇಲ್ಲ, ಕೆಲಸದ ಪ್ರಕಾರ ಇದು ಖಾಲಿ ಬೀದಿ, ಕೀಲಿಕೈ ಇಳಿಸಿದಳು, ಅದು ವಾಲ್ವಿನ ತಲೆಗೆ ಸರಿಯಾಗಿ ಕೂತಿತು, ಎರಡೂ ಕೈ ಹಿಡಿಯ ಮೇಲೆ, ಭುಜ ಬಿಗಿದಿದೆ, ಫೋನು, ಸಾಹೇಬರು, ಆಯ್ತೇನಮ್ಮ, ಇಲ್ಲ ಸರ್, ಯಾಕೆ, ಏನಾಯ್ತು, ಜನ ಇದ್ದಾರೆ ಸರ್, ಎಷ್ಟು ಜನ, ಯಾರು, ಅಲ್ಲಿ ಯಾರಿದ್ದಾರೆ, ಬಾಟಲಿಯ ಚಹಾ ಬಣ್ಣ, ಆ ಮಗು, ನಾಳೆ ಬೆಳಿಗ್ಗೆ ಆ ಬಾಗಿಲಿಗೆ ಶುದ್ಧ ನೀರು ತಾನೇ ಹೊತ್ತು ಹಾಕುತ್ತಾಳೆ, ನಾಡಿದ್ದು, ಆಮೇಲೆ, ಹಲೋ, ಕೇಳಿಸ್ತಿದೆಯೇನಮ್ಮ, ಕೇಳಿಸುತ್ತಿಲ್ಲ, ಕೆಳಗೆ ಏನೂ ಕೇಳಿಸುತ್ತಿಲ್ಲ, ಕೈ ತಿರುಗುತ್ತಿಲ್ಲ, ಅಂಗಡಿಯೊಳಗೆ ನಾಲ್ಕು ಬಿಳಿ ಮುಖಗಳು, ಮುಖ ಮುಗೀಲಿ ಅಂದಿದ್ದ, ಮುಗಿಸಲು ಕತ್ತಿ ಹಿಡಿದವರು ಯಾರೂ ಇಲ್ಲ, ನೊರೆ ಒಣಗುತ್ತಿದೆ, ಕಿವಿಯ ಹತ್ತಿರ ಮೊದಲು, ಬಿರುಕು ಬಿಡುತ್ತ, ಅಣ್ಣನ ಗಲ್ಲದ ಮೇಲೆ, ನೊರೆ, ಬಿಳಿ, ಒಣಗುತ್ತ —