ಚೆಂಡುಹೂವಿನ ಕೇಬಲ್

“ಇದರ ಕಿವಿ ಹೋಗೈತಿ ಬಿಡಮ್ಮ. ಸಂಜಿ ಗಾಡ್ಯಾಗ ಕಂಪನಿಗೆ ವಾಪಸ್ ಕಳಿಸಿಬಿಡಣ,” ಎಂದು ರೇವಣಸಿದ್ದ ಸರ್ ಟೇಬಲ್ ಮೇಲಿದ್ದ ಮೊಬೈಲ್ ಟವರಿನ ಡಬ್ಬಿಯ ತಲೆ ತಟ್ಟಿದರು.

ಗಂಗೋತ್ರಿ ಡಬ್ಬಿಯನ್ನು ತನ್ನ ಕಡೆಗೆ ಎಳೆದುಕೊಂಡಳು. ಹೊಸಪೇಟೆಯ ಈ ಪುಟ್ಟ ಟೆಸ್ಟಿಂಗ್ ಲ್ಯಾಬಿಗೆ ಎಷ್ಟೋ ಡಬ್ಬಿಗಳು ಬರುತ್ತವೆ, ಹೋಗುತ್ತವೆ. ಇದು ಮಾತ್ರ ಹೋಗಬೇಕಾಗಿದ್ದದ್ದು ಸಂಡೂರಿನ ಗುಡ್ಡದ ಮೇಲಕ್ಕೆ, ಅವಳ ಅಕ್ಕ ಅನ್ನಪೂರ್ಣಳ ಗಂಡನ ಊರಿಗೆ. ಅಲ್ಲಿಗೆ ಈಗಿನ ಟವರ್ ದೂರ; ಫೋನಿನಲ್ಲಿ ಕೆಳಗಿನವರ ಮಾತು ಮೇಲಕ್ಕೆ ಕೇಳುತ್ತದೆ, ಮೇಲಿನವರ ದನಿ ಕೆಳಕ್ಕೆ ಇಳಿಯುವುದಿಲ್ಲ. ಅದಕ್ಕೇ ಅಕ್ಕತಂಗಿಯರು ಉಪಾಯ ಮಾಡಿಕೊಂಡಿದ್ದರು: ತಂಗಿ ಫೋನಿನಲ್ಲಿ ಕೇಳಬೇಕು, ಉತ್ತರ ‘ಹೂಂ’ ಆದರೆ ಅಕ್ಕ ಕಾಲ್ ಕಟ್ ಮಾಡಬೇಕು. ಅಕ್ಕನಿಗೀಗ ಏಳು ತಿಂಗಳು, ಎರಡನೆಯ ಹೆರಿಗೆ, ಗಂಡನ ಮನೆಯಲ್ಲೇ. ಹೊತ್ತಲ್ಲದ ಹೊತ್ತಿನಲ್ಲಿ ನೋವು ಶುರುವಾದರೆ ಅವಳು ಯಾರನ್ನು ಹೇಗೆ ಕರೆಯಬೇಕು? ಡಬ್ಬಿ ವಾಪಸ್ ಹೋದರೆ ಇನ್ನೊಂದು ಬರುವಷ್ಟರಲ್ಲಿ ಕೂಸು ಅಂಬೆಗಾಲಿಟ್ಟಿರುತ್ತದೆ.

“ಇನ್ನೊಂದ್ ಸಲ ನೋಡ್ತೀನ್ರಿ ಸರ್.”

“ಬೆಳಿಗ್ಗಿಂದ ಅದನ್ನೇ ನೋಡಾಕತ್ತೀಯಲ್ಲ! ಆತು, ನಾ ಊಟ ಮಾಡ್ಕಂಡ್ ಬರ್ತೀನಿ. ಅಲ್ಲೀತನ ನೋಡು.”

ಕೆಲಸವೇನೋ ಸರಳ. ಸಿಗ್ನಲ್ ಹುಟ್ಟಿಸುವ ಯಂತ್ರ ಫೋನಿನ ವೇಷ ಹಾಕಿ ಮಾತಾಡಬೇಕು, ಡಬ್ಬಿ ಕೇಳಿಸಿಕೊಳ್ಳಬೇಕು. ಗಂಗೋತ್ರಿ ಸಾಫ್ಟ್‌ವೇರಿನಲ್ಲಿ ಒಂದೊಂದೇ ಸಾಲು ನೋಡುತ್ತ ಬಂದಳು. ಸಿಗ್ನಲ್ಲಿನ ದಿಕ್ಕು ಅಪ್‌ಲಿಂಕ್, ಅಂದರೆ ಫೋನಿನಿಂದ ಟವರಿಗೆ, ಸರಿಯಿದೆ. ಫ್ರೀಕ್ವೆನ್ಸಿ ಸರಿ. ಪವರ್ ಸರಿ. ಸಿಗ್ನಲ್ ಶುರುವಾಗುವುದು: ತಾನಾಗಿ.

ಕೈ ಅಲ್ಲೇ ನಿಂತಿತು. ಫೋನುಗಳು ಮನಸ್ಸಿಗೆ ಬಂದಾಗ ಮಾತಾಡುವಂತಿಲ್ಲ. ಟವರ್ ತಾಳ ಹಾಕಬೇಕು, ಫೋನು ಅದಕ್ಕೆ ಸರಿಯಾಗಿ ದನಿ ಎತ್ತಬೇಕು. ಆ ತಾಳ ಬರುವುದು ಡಬ್ಬಿಯಿಂದ ಯಂತ್ರಕ್ಕೆ ಹಾಕುವ ತೆಳ್ಳನೆಯ ಕೇಬಲ್ಲಿನಲ್ಲಿ. ಹಬ್ಬ ಮುಗಿದು ಬಂದ ದಿನ ಸಿಗ್ನಲ್ಲೇ ಹೊರಡಲಿಲ್ಲವೆಂದು ಇದನ್ನು ‘ತಾನಾಗಿ’ ಮಾಡಿದವಳು ಅವಳೇ. ಕೇಬಲ್ ಇತ್ತೇ ಎಂದು ಯಂತ್ರದ ಹಿಂದೆ ಬಗ್ಗಿ ನೋಡುವ ಬುದ್ಧಿ ಆಗ ಬರಲಿಲ್ಲ.

ಈಗ ಬಗ್ಗಿದಳು. ಇಲ್ಲ. ಡ್ರಾಯರ್ ಜಾಲಾಡಿದಳು, ಮೊಳೆಗೆ ನೇತುಹಾಕಿದ್ದ ವೈರುಗಳನ್ನೆಲ್ಲ ಇಳಿಸಿದಳು. ಸೋತು ಕುರ್ಚಿಯಲ್ಲಿ ಕುಸಿದಾಗ ಕಣ್ಣೆದುರಿಗೇ ಯಂತ್ರದ ಕೊರಳಲ್ಲಿ ಆಯುಧಪೂಜೆಯ ಚೆಂಡುಹೂವಿನ ಮಾಲೆ ಒಣಗಿ ಮುರುಟಿತ್ತು. ಯಂತ್ರಗಳನ್ನೆಲ್ಲ ಬಿಚ್ಚಿ, ಒರೆಸಿ, ಕುಂಕುಮ ಹಚ್ಚಿ ಮುಗಿಸುವಷ್ಟರಲ್ಲಿ ದಾರ ಸಾಲದೆ, ಕೈಗೆ ಸಿಕ್ಕ ಕರಿಯ ವೈರಿನಲ್ಲಿ ಅದನ್ನು ಬಿಗಿದು ಕಟ್ಟಿದ್ದಳು. ಕಂಕುಳಲ್ಲಿ ಕೂಸಿಟ್ಟುಕೊಂಡು ಊರೆಲ್ಲ ಹುಡುಕಿದರಂತೆ! ಅವಳಿಗೆ ನಾಚಿಕೆಯೂ ಆಯಿತು, ನಗುವೂ ಬಂತು.

ಗಂಟು ಬಿಚ್ಚಿ ಕೇಬಲ್ ಚುಚ್ಚಿದಳು. ‘ತಾನಾಗಿ’ ತೆಗೆದು ‘ಹೊರಗಿನಿಂದ’ ಮಾಡಿದಳು. ಪರದೆಯ ಮೇಲೆ ಡಬ್ಬಿ ತಪ್ಪಾಗಿ ಕೇಳಿಸಿಕೊಂಡದ್ದರ ಸಂಖ್ಯೆ ಸರಸರನೆ ಇಳಿದು ಸೊನ್ನೆಗೆ ಬಂದು ಕೂತಿತು.

“ಏನಮ್ಮ, ಕೇಳಾಕತ್ತೈತಾ?” ಬಾಗಿಲಲ್ಲೇ ಸರ್ ಕೇಳಿದರು.

“ಡಬ್ಬಿ ಕಿವುಡಲ್ರಿ ಸರ್. ನಾನೇ ಪೂಜಿ ಭಾಳ ಜೋರು ಮಾಡಿದ್ದೆ,” ಎಂದು ಮಾಲೆ ಎತ್ತಿ ತೋರಿಸಿದಳು.

ಅವರು ಹೊಟ್ಟೆ ಹಿಡಿದುಕೊಂಡು ನಕ್ಕರು. “ಹಂಗಾರ ಸಂಜಿ ಗಾಡಿ ಸಂಡೂರಿಗೇ ಹೋಗ್ಲಿ. ಈ ವಾರದಾಗ ಗುಡ್ಡ ಹತ್ತಿಸ್ತಾರ.”

ಗಂಗೋತ್ರಿ ಹೊರಗೆ ಬಂದು ಅಕ್ಕನಿಗೆ ಫೋನ್ ಹಚ್ಚಿದಳು. “ಅಕ್ಕಾ, ಡಬ್ಬಿ ಬರಾಕತ್ತೈತಿ. ಇನ್ಮ್ಯಾಲ ನೀ ಮಾತಾಡಬೋದು. ಕೇಳಿಸ್ತೇನಬೇ?”

ಟಪ್ಪನೆ ಕಾಲ್ ಕಟ್ಟಾಯಿತು. ಅವಳು ಫೋನನ್ನು ಇನ್ನೂ ಕಿವಿಯಿಂದ ಇಳಿಸಿರಲಿಲ್ಲ, ಅಷ್ಟರಲ್ಲಿ ಅದು ರಿಂಗಾಯಿತು. ಅಕ್ಕ. ಎತ್ತಿದಳು. ದನಿಯಿಲ್ಲ, ಬರೀ ಗರಗರ. ಮತ್ತೆ ಕಟ್, ಮತ್ತೊಂದು ‘ಹೂಂ’. ಗಂಗೋತ್ರಿ ನಕ್ಕಳು.

ಮತ್ತೆ ರಿಂಗಾಯಿತು.