ಪಾಪ ಅಲ್ಲ ಅಂದುಬಿಡಿ

ತಕ್ಕ ಕಾರಣವಿಲ್ಲದೆ ಭಿಕ್ಷುವಾದವನು ಸೇನೆಯ ಬಿಡಾರಕ್ಕೆ ಕಾಲಿಡಬಾರದು. ಒಡಹುಟ್ಟಿದವರು ಕಾಯಿಲೆ ಬಿದ್ದರೆ ಹೋಗಬಹುದು ಎಂಬುದು ಸಂಘದ ಕಟ್ಟಳೆ. ತಮ್ಮನಿಗಿರುವುದು ಕಾಯಿಲೆಯೋ ಅಲ್ಲವೋ ಎಂದು ಯೋಚಿಸುತ್ತಲೇ ಭಿಕ್ಷು ದಾರಿಯುದ್ದಕ್ಕೂ ಬಸವಳಿದಿದ್ದರು. ಮೈಯಲ್ಲಿ ಜ್ವರವಿಲ್ಲ, ಗಾಯವಿಲ್ಲ. ಫಿರಂಗಿ ಹಾರಿಸುವ ಆ ತಮ್ಮನಿಗೆ ನಿದ್ದೆಯೇ ಹತ್ತುತ್ತಿರಲಿಲ್ಲ.

ಬಿಡಾರದ ಆಸ್ಪತ್ರೆಯ ವಾರ್ಡಿನ ಬಾಗಿಲಲ್ಲೇ, ಅವರನ್ನು ಕರೆಸಿದ್ದ ಮೇಜರ್ ಕೈಮುಗಿದ. "ಭಂತೇ, ಉಪನ್ಯಾಸ ಏನೂ ಬೇಡ. ಧರ್ಮ ಉಳಿಸೋಕೆ ಕೊಂದರೆ ಪಾಪ ಅಲ್ಲ ಅಂತ ಒಂದು ಮಾತು ಅಂದುಬಿಡಿ. ಅವನಿಗೆ ನಿದ್ದೆ ಬರತ್ತೆ."

"ಹಾಗಂದರೆ ಮೈಮೇಲಿನ ಈ ಚೀವರ ಇಲ್ಲೇ ಕಳಚಿಡಬೇಕಾಗತ್ತೆ. ಕೊಲ್ಲು ಅಂತ ಹುರಿದುಂಬಿಸಿದವನು ಭಿಕ್ಷು ಅಲ್ಲ."

"ಚೀವರ ದೊಡ್ಡದೋ, ತಮ್ಮ ದೊಡ್ಡವನೋ?"

ಭಿಕ್ಷು ಒಳಗೆ ನಡೆದರು. ಮೇಜರ್ ಕೇಳುವ ಮೊದಲೇ ಅವರು ತಮ್ಮನ್ನು ತಾವೇ ಅದನ್ನು ಕೇಳಿಕೊಂಡಾಗಿತ್ತು.

ತಮ್ಮ ಗೋಡೆಗೊರಗಿ ಮಂಚದ ಮೇಲೆ ಕೂತಿದ್ದ. ಕಣ್ಣು ಗುಳಿಬಿದ್ದಿದ್ದವು. "ಬಾ ಅಣ್ಣ... ತಪ್ಪಾಯ್ತು, ಬನ್ನಿ ಭಂತೇ. ಬೋಳುತಲೇಲಿ ಈಗ ನಾವಿಬ್ಬರೂ ಒಂದೇ ಥರ."

"ನಿನ್ನ ತಲೆ ಮೊದಲಿನಿಂದ್ಲೂ ಸೊಟ್ಟ."

ಇಬ್ಬರೂ ನಕ್ಕರು. ನಗು ಬೇಗ ಮುಗಿಯಿತು.

"ಸೇತುವೆ ಆಚೆ ಮನೆಗಳಿದ್ವು ಅಣ್ಣ. ನಾನು ಹೊಡೆದೆ. ಹೊಡೀದೇ ಇದ್ದಿದ್ರೆ ಶತ್ರುಗಳು ಸೇತುವೆ ದಾಟಿ ಊರಿಗೇ ನುಗ್ತಿದ್ರು. ಪಾಪಾನಾ?"

ಮೂಲೆಯ ಕೊಳಾಯಿಯಿಂದ ಬಕೆಟ್ಟಿಗೆ ಹನಿ ಬೀಳುತ್ತಿತ್ತು. 'ಅಲ್ಲ' ಎಂಬ ಎರಡಕ್ಷರ ನಾಲಿಗೆಯ ತುದಿಗೆ ಬಂದಿತ್ತು. ಭಿಕ್ಷು ಅದನ್ನು ನುಂಗಿಕೊಂಡರು.

"ಪಾಪವೇ ಕಣೋ. ಕೊಲ್ಲಬೇಕು ಅಂತ ಮನಸ್ಸು ಮಾಡಿದ ಮೇಲೆ ಕಾರಣ ಏನೇ ಇರಲಿ, ಪಾಪವೇ. ಆದರೆ ನೀನು ಕಾಯ್ದ ಊರಲ್ಲೇ ನಾನು ದಿನಾ ಭಿಕ್ಷೆ ಎತ್ತಿ ಉಂಡಿದ್ದೀನಿ. ನಾನು ಚೊಕ್ಕ, ನೀನು ಕೊಳಕು ಅನ್ನೋಕೆ ನನಗೆ ಬಾಯಿಲ್ಲ."

ತಮ್ಮ ಗೋಡೆಯಿಂದ ಜಾರಿ ದಿಂಬಿಗೆ ತಲೆಯಿಟ್ಟ. "ಎಲ್ಲರೂ ಪಾಪ ಅಲ್ಲ, ಪಾಪ ಅಲ್ಲ ಅಂತ ತಲೆ ತಿಂದ್ರು. ನನಗೇ ಹುಚ್ಚು ಹಿಡಿದಿದೆ ಅಂದ್ಕೊಂಡಿದ್ದೆ" ಎಂದವನೇ ಗೋಡೆಯತ್ತ ಹೊರಳಿದ. ಸ್ವಲ್ಪ ಹೊತ್ತಿಗೆ ಗೊರಕೆ ಕೇಳಿಸಿತು.

ಮೇಜರ್ ಬೆಕ್ಕಿನ ಹೆಜ್ಜೆಯಲ್ಲಿ ಬಂದು ಇಣುಕಿದ. ಮುಖ ಅರಳಿತು. "ಅಂದುಬಿಟ್ರಾ! ಪುಣ್ಯ ಕಟ್ಕೊಂಡ್ರಿ. ನಾಳೆ ಲಾರೀಲೇ ಇವನನ್ನ ಮತ್ತೆ ಸೇತುವೆಗೆ ಕಳಿಸಬಹುದು."

"ನಾನು ಪಾಪ ಅಂದೆ."

"ಏನಾದ್ರೂ ಅನ್ನಿ ಭಂತೇ. ನಿದ್ದೆ ಬಂತಲ್ಲ."

ಆತ ಹೋದ ಮೇಲೆ ಭಿಕ್ಷು ತಮ್ಮನ ಭುಜದತ್ತ ಕೈ ಚಾಚಿದರು. ಅಲುಗಿಸಿ ಎಬ್ಬಿಸಿ ಕೂರಿಸಿಬಿಟ್ಟರೆ, ನಿದ್ದೆಗೆಟ್ಟವನನ್ನು ಸೇತುವೆಗೆ ಕಳಿಸಲಾರರು, ನಾಳೆಯ ಲಾರಿ ತಪ್ಪೀತು. ತಮ್ಮನ ಬಾಯಿ ಅರೆ ತೆರೆದಿತ್ತು. ದಿಂಬಿನ ಮೇಲೆ ಜೊಲ್ಲು ಇಳಿದಿತ್ತು. ಎಷ್ಟು ದಿನದ ನಿದ್ದೆಯೋ.

ಅವರು ಕೈಯನ್ನು ಹಿಂದಕ್ಕೆಳೆದುಕೊಂಡು ಸ್ಟೂಲಿನ ಮೇಲೆ ಕೂತರು.